‘ಡಿಸ್ಕ್ ಹೋಗಿದೆ’ ಎಂದ ಮಾತ್ರಕ್ಕೆ ಹಣ ಕೊಡಬೇಡಿ, ಡ್ರೈವರ್ ಹಾಕಿ ನೋಡಿದ್ದೀರಾ ಎಂದು ಕೇಳಿ

ಲ್ಯಾಪ್‌ಟಾಪಿಗೆ ವಿಂಡೋಸ್ ಹಾಕಿಸಲು ಕೊಟ್ಟಾಗ ಅಂಗಡಿಯವರು ‘ನಿಮ್ಮ ಡಿಸ್ಕ್ ಹೋಗಿದೆ, ಹೊಸದು ಹಾಕದೆ ಆಗಲಿಕ್ಕಿಲ್ಲ’ ಎಂದರೆ, ಹಣ ತೆಗೆಯುವ ಮೊದಲು ದಯವಿಟ್ಟು ಇದನ್ನು ಓದಿ. ಕಾಸರಗೋಡು ಪೇಟೆಯ ಒಂದು ಅಂಗಡಿಯಲ್ಲಿ ಇದೇ ಮಾತು ಹೇಳಿ, ಏನೂ ಆಗದ ನನ್ನ ಡಿಸ್ಕನ್ನು ಕಳಚಿ, 4,800 ರೂಪಾಯಿಗೆ ಹೊಸ ಡಿಸ್ಕ್ ಮಾರಿದ್ದಾರೆ. ನನ್ನ ಡಿಸ್ಕಿಗೆ ಏನೂ ಆಗಿರಲಿಲ್ಲ. ಬೇಕಾಗಿದ್ದದ್ದು ಒಂದು ಡ್ರೈವರ್ ಮಾತ್ರ, ಅಂದರೆ ಕಂಪ್ಯೂಟರಿನ ಒಂದು ಭಾಗವನ್ನು ವಿಂಡೋಸ್ ಗುರುತಿಸಿ ಬಳಸಲು ಬೇಕಾದ ಸಣ್ಣ ಸಾಫ್ಟ್‌ವೇರ್, ಅದೂ ಹಣ ಕೊಡದೆ ಸಿಗುವಂಥದ್ದು.

ನಾನು ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರ ಅಧ್ಯಾಪಕ. ಶಾಲೆಯ ಕಂಪ್ಯೂಟರುಗಳಲ್ಲಿ ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನವರ ಲಿನಕ್ಸ್ ಇದೆ. ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇರಿಸಿಕೊಂಡದ್ದು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಹಳೆಯ ಪ್ರಶ್ನೆಪತ್ರಿಕೆಗಳಿಗಾಗಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ, ಇಂಟೆಲ್‌ನ 11ನೇ ತಲೆಮಾರಿನ ಪ್ರೊಸೆಸರ್ ಇರುವ ಈ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಿಸೋಣವೆಂದು ಅಂಗಡಿಗೆ ಕೊಟ್ಟೆ. ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿ, ಡಿ ಡ್ರೈವ್ ಮುಟ್ಟಬೇಡಿ ಎಂದು ಎಲ್ಲರೂ ಹೇಳುವಂತೆ ನಾನೂ ಹೇಳಿದ್ದೆ.

ಸಂಜೆ ಹೋದಾಗ ಅಂಗಡಿಯ ಯಜಮಾನರು ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ, ‘ನೋಡಿ ಮಾಷ್ಟ್ರೆ, ಡಿಸ್ಕೇ ಇಲ್ಲ’ ಎಂದರು. ವಿಂಡೋಸ್ ಹಾಕುವ ಪರದೆಯಲ್ಲಿ ಸಿ, ಡಿ ಎಂದು ಪಟ್ಟಿ ಕಾಣಬೇಕಾದ ಜಾಗ ನಿಜವಾಗಿಯೂ ಖಾಲಿಯಾಗಿತ್ತು. ಬೆಳಿಗ್ಗೆ ಇದರಲ್ಲೇ ಅಂಕಪಟ್ಟಿ ತಯಾರಿಸಿ ಬಂದಿದ್ದೇನಲ್ಲ ಎಂದು ಕೇಳಿದರೆ, ‘ಎಸ್‌ಎಸ್‌ಡಿ ಹಾಗೆಯೇ, ಹೇಳದೆ ಕೇಳದೆ ಹೋಗುತ್ತದೆ’ ಎಂಬ ಉತ್ತರ ಬಂತು. ಎಸ್‌ಎಸ್‌ಡಿ (ಈಗಿನ ಲ್ಯಾಪ್‌ಟಾಪುಗಳಲ್ಲಿರುವ ಚಿಪ್ ಮಾದರಿಯ ಡಿಸ್ಕ್) ಮುನ್ಸೂಚನೆಯಿಲ್ಲದೆ ಕೆಡುವುದು ಉಂಟು, ಆದ್ದರಿಂದಲೇ ಆ ಮಾತು ಅಷ್ಟು ಸಲೀಸಾಗಿ ಮಾರಾಟವಾಗುತ್ತದೆ. ಒಳಗಿದ್ದ ಕಡತಗಳನ್ನು ತೆಗೆಸಿಕೊಡಲು ಬೇರೆ 6,000 ರೂಪಾಯಿ ಆಗುತ್ತದೆ, ಅದಕ್ಕೂ ಗ್ಯಾರಂಟಿ ಇಲ್ಲ ಎಂದರು. ಇಷ್ಟು ವರ್ಷಗಳ ಪ್ರಶ್ನೆಪತ್ರಿಕೆಗಳು ಹೋದುವು ಎಂಬ ಸಂಕಟದಲ್ಲಿ ನಾನು ಆ ಪರದೆಯ ಫೋಟೊ ತೆಗೆದುಕೊಂಡು, ಹೊಸ ಡಿಸ್ಕಿಗೆ ಒಪ್ಪಿ, ಹಳೆಯದನ್ನು ಕೇಳಿದೆ. ‘ಅದು ನಿಮಗೆ ಯಾಕೆ, ಅದರಲ್ಲಿ ಏನೂ ಇಲ್ಲ’ ಎಂದರು. ಒತ್ತಾಯ ಮಾಡಿದ ಮೇಲೆ ಮೇಜಿನ ಡ್ರಾಯರಿನಿಂದ ತೆಗೆದು ಕೊಟ್ಟರು. ಕೊಡದೆ ಇದ್ದಿದ್ದರೆ ಈ ಮೋಸ ನನಗೆ ಎಂದಿಗೂ ತಿಳಿಯುತ್ತಿರಲಿಲ್ಲ.

ಭಾನುವಾರ ಮನೆಗೆ ಬಂದ ಸೋದರಳಿಯ ಆ ಫೋಟೊ ನೋಡಿದವನೇ, ‘ಮಾವ, ಡಿಸ್ಕ್ ಹೋಗಿದೆ ಅಂತ ಇದರಲ್ಲಿ ಎಲ್ಲಿ ಬರೆದಿದೆ? ಡ್ರೈವರ್ ಕೊಡಿ ಅಂತಲ್ಲವಾ ಬರೆದದ್ದು?’ ಎಂದು ಕೇಳಿದ. ಫೋಟೊ ದೊಡ್ಡದು ಮಾಡಿ ನೋಡಿದೆ. ಖಾಲಿ ಪಟ್ಟಿಯ ಕೆಳಗೆ, ಯಾವುದೇ ಡ್ರೈವ್ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್‌ಗಾಗಿ ‘ಲೋಡ್ ಡ್ರೈವರ್’ ಒತ್ತಿ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಪರಿಹಾರ ಪರದೆಯ ಮೇಲೆಯೇ ಇತ್ತು. ಅದೇ ಪರದೆಗೆ ಬೆರಳು ತೋರಿಸಿ ನನ್ನಿಂದ ಹಣ ಪಡೆದಿದ್ದರು. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಅವನ ಲ್ಯಾಪ್‌ಟಾಪಿಗೆ ಜೋಡಿಸಿದಾಗ ಡಿ ಡ್ರೈವಿನ ಒಂದೊಂದು ಕಡತವೂ ತೆರೆಯಿತು. ಕಡತಗಳು ಸಿಕ್ಕಿದ ಸಂತೋಷಕ್ಕಿಂತ, ಎದುರಿಗೆ ಕೂರಿಸಿಕೊಂಡು ಮೋಸ ಮಾಡಿದರಲ್ಲ ಎಂಬ ಉರಿಯೇ ಹೆಚ್ಚಾಯಿತು.

ವಿಷಯ ಇಷ್ಟೇ. ಇಂಟೆಲ್ 11ನೇ ತಲೆಮಾರು ಮತ್ತು ಅನಂತರದ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಇರುವುದು ವಿಎಂಡಿ, ಅಂದರೆ ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್ ಎಂಬ ವ್ಯವಸ್ಥೆಯ ಹಿಂದೆ. ಅದರ ಡ್ರೈವರ್ ವಿಂಡೋಸ್ ಹಾಕುವ ಪೆನ್‌ಡ್ರೈವಿನಲ್ಲಿ ಇಲ್ಲದಿದ್ದರೆ ಸೆಟಪ್‌ಗೆ ಡಿಸ್ಕ್ ಕಾಣುವುದಿಲ್ಲ. ಮೊದಲೇ ಇದ್ದ ವಿಂಡೋಸಿನಲ್ಲಿ ಆ ಡ್ರೈವರ್ ಇತ್ತು, ಆದ್ದರಿಂದಲೇ ಬೆಳಿಗ್ಗೆ ಎಲ್ಲವೂ ಸರಿಯಾಗಿ ನಡೆದಿತ್ತು. ಇನ್ನು ಮುಖ್ಯವಾದ ಮಾತು: ಅದೇ ಜಾಗಕ್ಕೆ ಹೊಸ ಡಿಸ್ಕ್ ಹಾಕಿದರೂ ಅದೇ ಖಾಲಿ ಪಟ್ಟಿಯೇ ಬರುತ್ತದೆ. ಹಾಗಿದ್ದರೆ ಹೊಸ ಡಿಸ್ಕಿಗೆ ವಿಂಡೋಸ್ ಹೇಗೆ ಹೋಯಿತು? ಬಯಾಸ್, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ ಪರದೆ, ತೆರೆದು ನೋಡಿದರೆ ವಿಎಂಡಿ ಆಫ್ ಮಾಡಲಾಗಿತ್ತು. ಅಂದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದರು.

ಮರುದಿನ ಹೋಗಿ ಕೇಳಿದೆ. ‘ಆಗ ಕಾಣಲಿಲ್ಲ ಮಾಷ್ಟ್ರೆ, ಈಗ ಕಂಡರೆ ನಾನೇನು ಮಾಡಲಿ? ಡಿಸ್ಕ್ ವೀಕ್ ಉಂಟು, ಇವತ್ತಲ್ಲದಿದ್ದರೆ ನಾಳೆ ಹೋಗುತ್ತದೆ’ ಎಂದರು. ವಿಎಂಡಿ ಯಾಕೆ ಆಫ್ ಮಾಡಿದಿರಿ ಎಂದಾಗ, ‘ಅದೆಲ್ಲ ಸೆಟ್ಟಿಂಗ್, ನಿಮಗೆ ಹೇಳಿದರೆ ಗೊತ್ತಾಗಲಿಕ್ಕಿಲ್ಲ.’ ಹಣ ಹಿಂದಿರುಗಿಸಿ ಎಂದಾಗ, ‘ಪ್ಯಾಕೆಟ್ ಒಡೆದದ್ದು ವಾಪಸ್ ಇಲ್ಲ. ಹೊಸ ಡಿಸ್ಕ್ ಬಂತಲ್ಲ, ನಿಮಗೆ ನಷ್ಟ ಏನಾಯಿತು?’ ಪಕ್ಕದಲ್ಲಿದ್ದ ಕೆಲಸದ ಹುಡುಗನಿಗೆ ಮಲಯಾಳದಲ್ಲಿ, ಮಾಷಿಗೆ ಯಾರೋ ಕಲಿಸಿ ಕಳುಹಿಸಿದ್ದಾರೆ ಎಂದು ಹೇಳಿ ನಕ್ಕರು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದವನಿಗೆ ಮಲಯಾಳ ಅರ್ಥವಾಗದೆ ಇರುತ್ತದೆಯೇ? ಗಿರಾಕಿಗಳ ಎದುರು, ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಇದ್ದ, ತಲೆ ತಗ್ಗಿಸಿ ಹೊರಗೆ ಬರಬೇಕಾಯಿತು. ತಪ್ಪು ಮಾಡಿದವರು ನಗುತ್ತಿದ್ದರು, ನಾಚಿಕೆ ಮಾತ್ರ ನನ್ನ ಪಾಲಿಗೆ ಬಂತು.

ಇಷ್ಟಾದರೂ ಅವರು ಮಾಡಿದ ಕೆಲಸವಾದರೂ ನೆಟ್ಟಗಿತ್ತೇ ಎಂದರೆ ಅದೂ ಇಲ್ಲ. ವೈಫೈ ಇರಲಿಲ್ಲ, ಟಚ್‌ಪ್ಯಾಡ್ ಕದಲುತ್ತಿರಲಿಲ್ಲ. ಲ್ಯಾಪ್‌ಟಾಪ್ ಕೊಡುವಾಗಲೇ ‘ವೈಫೈ ಕಾರ್ಡೂ ಬದಲಿಸಬೇಕಾದೀತು’ ಎಂದು ಹೇಳಿಟ್ಟಿದ್ದರು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಎದುರು ಇದ್ದದ್ದು ಕೋಡ್ 28, ಅಂದರೆ ಡ್ರೈವರ್ ಹಾಕಿಲ್ಲ ಎಂದಷ್ಟೇ. ಸೋದರಳಿಯ ಮೊಬೈಲಿನಿಂದ ಯುಎಸ್‌ಬಿ ಮೂಲಕ ಇಂಟರ್‌ನೆಟ್ ಕೊಟ್ಟು, ಲ್ಯಾಪ್‌ಟಾಪ್ ಕಂಪೆನಿಯ ತಾಣದಲ್ಲಿ ಸೀರಿಯಲ್ ನಂಬರ್ ಹಾಕಿ, ವೈಫೈ ಡ್ರೈವರ್ ಮತ್ತು ಟಚ್‌ಪ್ಯಾಡಿಗೆ ಬೇಕಾದ ಇಂಟೆಲ್ ಸೀರಿಯಲ್ ಐಒ ಡ್ರೈವರ್ ಇಳಿಸಿದ. ಎರಡೂ ಸರಿಯಾದುವು. ಕಾರ್ಡಿಗೂ ಏನೂ ಆಗಿರಲಿಲ್ಲ. ಅಂಗಡಿಯವರು ಹಾಕಿಕೊಟ್ಟಿದ್ದ, ಗಳಿಗೆಗೊಮ್ಮೆ ಹಣ ಕೇಳುವ ಡ್ರೈವರ್ ಅಪ್‌ಡೇಟ್ ಸಾಫ್ಟ್‌ವೇರನ್ನು ಅವನೇ ತೆಗೆದುಹಾಕಿದ.

ಆದ್ದರಿಂದ, ಡಿಸ್ಕ್ ಕಾಣುವುದಿಲ್ಲ ಎಂದರೆ ಮೊದಲು ಬಯಾಸ್ ತೆರೆಸಿ, ಅಲ್ಲಿ ಡಿಸ್ಕಿನ ಹೆಸರು ಇದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ. ಇದ್ದರೆ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ (ವಿಎಂಡಿಗೆ ಬೇಕಾದದ್ದು ಇದೇ) ಇಳಿಸಿ, ಬಿಚ್ಚಿದ (ಎಕ್ಸ್‌ಟ್ರಾಕ್ಟ್ ಮಾಡಿದ) ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ‘ಲೋಡ್ ಡ್ರೈವರ್’ ಒತ್ತಲು ಹೇಳಿ. ಇಳಿಸಿದ ಫೈಲನ್ನು ಬಿಚ್ಚದೆ ಹಾಗೆಯೇ ಹಾಕಿದರೆ ಸೆಟಪ್ ಅದನ್ನು ಗುರುತಿಸುವುದಿಲ್ಲ. ವಿಎಂಡಿ ಆಫ್ ಮಾಡುವುದೂ ಒಂದು ದಾರಿ, ಆದರೆ ಹಾಗೆ ಮಾಡಿದರೆ ಹಳೆಯ ವಿಂಡೋಸ್ ತೆರೆಯದೆ ನೀಲಿ ಪರದೆ ಬರಬಹುದು. ಕಳಚಿದ ಭಾಗವನ್ನು ಕೇಳಿ ಪಡೆಯಿರಿ, ‘ಅದರಲ್ಲಿ ಏನೂ ಇಲ್ಲ’ ಎಂದರೂ ಬಿಡಬೇಡಿ. ಬಿಲ್ಲಿನಲ್ಲಿ ಡಿಸ್ಕಿನ ಹೆಸರು, ಸೀರಿಯಲ್ ನಂಬರ್ ಬರೆಸಿ. ನನ್ನ ಬಿಲ್ಲಿನಲ್ಲಿ ‘ಸರ್ವಿಸ್’ ಎಂಬ ಒಂದೇ ಪದವಿದೆ, ಅದನ್ನು ಹಿಡಿದು ವಾದಿಸುವುದು ಈಗ ಕಷ್ಟವಾಗಿದೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಅಲ್ಲಿ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ, ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ. ಆ ಪರದೆಯ ಫೋಟೊ ಮತ್ತು ಹಳೆಯ ಡಿಸ್ಕ್ ಎರಡೂ ನನ್ನ ಬಳಿ ಇವೆ. ಇದೇ ರೀತಿ ‘ಡಿಸ್ಕ್ ಹೋಗಿದೆ’ ಎಂದು ಹೇಳಿಸಿಕೊಂಡವರು ನಮ್ಮ ಕಡೆ ಇನ್ನೂ ಇದ್ದರೆ, ಹಳೆಯ ಡಿಸ್ಕನ್ನು ಒಮ್ಮೆ ಯುಎಸ್‌ಬಿ ಕೇಸಿಗೆ ಹಾಕಿ ನೋಡಿ, ಬಿಲ್ ಇಟ್ಟುಕೊಂಡು ನೀವೂ ದೂರು ಕೊಡಿ.