ಸ್ನಾನದ ನೀರಿಗೆ ಸೌದೆನಾ, ಗ್ಯಾಸಾ, ಸೋಲಾರಾ?

ಬೆಂಗಳೂರಲ್ಲಿ ಹೊಸ ಮನೆ ಕಟ್ಟಿಸೋರು ಕೆಲವರು ಸೌದೆ ಬಾಯ್ಲರೇ ಬೆಸ್ಟು, ಮರ ಮತ್ತೆ ಬೆಳೆಯತ್ತಲ್ಲ ಅಂತಾರೆ. ಬೆಳೆಯತ್ತೆ ಸರಿ, ಆದ್ರೆ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ) ಲೆಕ್ಕದಲ್ಲಿ ಒಂದು ಗಿಗಾಜೂಲ್ (ಶಕ್ತಿ ಅಳೆಯೋ ಮಾನ) ಶಾಖಕ್ಕೆ ಸೌದೆಯಿಂದ 112 ಕೆಜಿ ಕಾರ್ಬನ್ ಡೈಆಕ್ಸೈಡ್, ಕಲ್ಲಿದ್ದಲಿಂದ ಸುಮಾರು 95, ಎಲ್‌ಪಿಜಿಯಿಂದ 63 ಅಷ್ಟೇ, ಅದೂ ಕಾಡಿನ ದೊಡ್ಡ ಮರ ಕಡಿದು ಸುಟ್ರೆ ಆ ಕಾರ್ಬನ್ನ ವಾಪಸ್ ಹೀರ್ಕೊಳ್ಳೋಕೆ ಹೊಸ ಗಿಡಕ್ಕೆ ಹತ್ತಾರು ವರ್ಷ ಬೇಕು, ಅಲ್ಲೀವರೆಗೂ ಅದು ಗಾಳೀಲೇ ಇದ್ದು ಬಿಸಿ ಏರಿಸ್ತಿರತ್ತೆ. ತೆಂಗಿನ ಚಿಪ್ಪು, ಒಣ ಗರಿ ಆದ್ರೆ ಬೇರೆ ಮಾತು, ಅದು ಹೇಗೂ ಕೊಳೆತು ಕಾರ್ಬನ್ ಬಿಡತ್ತೆ. (ಹೊಗೆ ಬಗ್ಗೆ ಪಕ್ಕದ ಮನೆಯೋರನ್ನ ಕೇಳಿ!) ಗ್ಯಾಸ್ ಗೀಸರ್ ಪರವಾಗಿಲ್ಲ, ಆದ್ರೂ ಪಳೆಯುಳಿಕೆ ಇಂಧನಾನೇ. ಟೆರೇಸ್ ಇದ್ರೆ ನನ್ನ ಓಟು ಸೋಲಾರ್‌ಗೆ, ಜುಲೈ ಮೋಡಕ್ಕೆ ಕರೆಂಟ್ ಬ್ಯಾಕಪ್ ಇಟ್ಕೊಳ್ಳಿ.