ಡಾಲ್ಫಿನ್ ವಿಡಿಯೊಗೆ ಗೋಪ್ರೋ ಹೀರೊ 12: ನೀರಿಗಿಳಿಸುವ ಮುನ್ನ

ಡಾಲ್ಫಿನ್ ಕ್ಯಾಮೆರಾ ಮುಂದೆ ಹಾದುಹೋಗಲು ಎರಡು-ಮೂರು ಸೆಕೆಂಡು ಸಾಕು. ಅಷ್ಟರಲ್ಲಿ ಫೋಕಸ್ ತಡಕಾಡುತ್ತ ಕೂತರೆ ದಕ್ಕುವುದು ಮಸುಕು ಬಾಲವಷ್ಟೇ. 2023ರಲ್ಲಿ ಬಂದ ಪುಟ್ಟ ಆ್ಯಕ್ಷನ್ ಕ್ಯಾಮೆರಾ ಗೋಪ್ರೋ ಹೀರೊ 12 ಬ್ಲ್ಯಾಕ್‌ನಲ್ಲಿ ಈ ಕೆಲಸಕ್ಕೆ ನಿಜವಾಗಿ ಒದಗುವುದು ಜಾಹೀರಾತಿನ 5.3ಕೆ ಸ್ಪಷ್ಟತೆಗಿಂತ ಅದರ ಫಿಕ್ಸೆಡ್ ಫೋಕಸ್ (ಫೋಕಸ್ ಬದಲಾಗದ) ಲೆನ್ಸ್. ನೀರಲ್ಲಿ ತೇಲುವ ಕಸಕಡ್ಡಿಗೆ ಅದು ಮರುಳಾಗುವುದಿಲ್ಲ. ಗಾಜಿಗೇ ಮೂತಿ ತಾಗಿಸುವಷ್ಟು ಹತ್ತಿರ ಬಂದ ಪ್ರಾಣಿ ಮಾತ್ರ ಕೊಂಚ ಮಂಜಾಗಿ ಕಾಣುತ್ತದೆ.

ಸೆಟ್ಟಿಂಗ್: 4ಕೆ, ಸೆಕೆಂಡಿಗೆ 60 ಫ್ರೇಮು. ನಿಧಾನಗತಿ ಬೇಕಿದ್ದರೆ 120. ನೀರಿನೊಳಗೆ ಚಪ್ಪಟೆ ಗಾಜಿನ ಹಿಂದಿನಿಂದ ಎಲ್ಲವೂ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುವುದರಿಂದ ಲೆನ್ಸನ್ನು ಅಗಲ ನೋಟದ ವೈಡ್‌ನಲ್ಲೇ ಬಿಡಿ. ನೋಟ ಕಿರಿದಾಗಿಸುವ ಲೀನಿಯರ್ ಹಾಕಿದರೆ ಮೂತಿಯೋ ಬಾಲವೋ ಚೌಕಟ್ಟಿನಾಚೆ. ಬಿಸಿಲಲ್ಲಿ ಅಲೆಯ ಬೆಳಕಿನ ಬಲೆ ಡಾಲ್ಫಿನ್ ಬೆನ್ನ ಮೇಲೆ ಕುಣಿಯುವಾಗ ಆ ಗೆರೆಗಳು ಪೂರ್ತಿ ಬೆಳ್ಳಗಾಗಿ ವಿವರ ಕಳೆದುಕೊಳ್ಳುತ್ತವೆ. ಎಕ್ಸ್‌ಪೋಶರನ್ನು (ಚಿತ್ರದ ಬೆಳಕಿನ ಮಟ್ಟವನ್ನು) ಅರ್ಧ ಸ್ಟಾಪ್ ಇಳಿಸಿ. ಆಳದಲ್ಲಿ ನೀರು ನುಂಗುವ ಕೆಂಪನ್ನು ಮರಳಿಸುವ ಕೆಂಪು ಫಿಲ್ಟರ್ ಕೊಳ್ಳುವುದು ದುಡ್ಡು ದಂಡ: ಒಂದು-ಒಂದೂವರೆ ಮೀಟರ್ ಆಳದಲ್ಲಿ ಕೆಂಪು ಬಣ್ಣ ಇನ್ನೂ ಉಳಿದಿರುತ್ತದೆ, ಫಿಲ್ಟರ್ ಹಾಕಿದರೆ ಬೂದು ಡಾಲ್ಫಿನ್ ಗುಲಾಬಿಯಾಗುತ್ತದೆ! ಅದು ಬೇಕಾಗುವುದು ನಾಲ್ಕೈದು ಮೀಟರ್ ಕೆಳಗಿಳಿದಾಗ, ಅದೂ ನೀಲಿ ನೀರಿನಲ್ಲಿ.

ದೋಣಿಯ ಮೂತಿ ಮುಂದೆ ತಳ್ಳುವ ನೀರಿನ ಮೇಲೆ ಸವಾರಿ ಮಾಡಲು, ನೆಗೆದು ಗಾಳಿಯಲ್ಲಿ ಗಿರಗಿರ ತಿರುಗುವ ಸ್ಪಿನ್ನರ್ ಡಾಲ್ಫಿನ್‌ಗಳು ತಾವಾಗಿಯೇ ಬರುತ್ತವೆ. ಕ್ಯಾಮೆರಾವನ್ನು ಕೋಲಿಗೆ ಕಟ್ಟಿ ಅಲ್ಲೇ ಇಳಿಬಿಡಬಹುದು. ತೊಂದರೆ ಶುರುವಾಗುವುದು ಪ್ಲಾಸ್ಟಿಕ್ ಕೀಲಿನಲ್ಲಿ. ವೇಗ ಎರಡು ಪಟ್ಟಾದರೆ ನೀರಿನ ಎಳೆತ ನಾಲ್ಕು ಪಟ್ಟು. ಕೈಯಲ್ಲಿ ತಿರುಗಿಸಿ ಬಿಗಿ ಮಾಡಿದ ಸ್ಕ್ರೂ ಮೆಲ್ಲಗೆ ಜಾರಿ, ಅರ್ಧ ಗಂಟೆಯ ವಿಡಿಯೊದಲ್ಲಿ ಬರೀ ದೋಣಿಯ ತಳ. ಸ್ಕ್ರೂವಿನ ತಲೆಗೆ ಸ್ಪ್ಯಾನರ್ ಹಾಕಿ ಇನ್ನೊಂದು ಕಾಲು ಸುತ್ತು ಬಿಗಿಯಿರಿ, ಪ್ಲಾಸ್ಟಿಕ್ ಕೋಲಿನ ಬದಲು ಅಲ್ಯುಮಿನಿಯಂ ಬಳಸಿ, ಕ್ಯಾಮೆರಾಕ್ಕೆ ಬೇರೆಯೇ ಒಂದು ದಾರ ಕಟ್ಟಿ. 154 ಗ್ರಾಂ ತೂಕದ ಈ ಡಬ್ಬಿ ತೇಲುವುದಿಲ್ಲ, ಕೈಜಾರಿದರೆ ಗಂಗಾರ್ಪಣೆ.

ನೀರೊಳಗೆ ಟಚ್‌ಸ್ಕ್ರೀನ್ ನಂಬುವಂತಿಲ್ಲ. ವೈಫೈ, ಬ್ಲೂಟೂತ್ ಒಂದು ಗೇಣು ಆಳದಲ್ಲೇ ಕಡಿದುಹೋಗುವುದರಿಂದ ಮೊಬೈಲಿನಲ್ಲಿ ನೋಡಿಕೊಂಡು ಕೋನ ಹೊಂದಿಸುವ ಆಸೆಯೂ ಬೇಡ. ಮೇಲಿರುವಾಗಲೇ ಬಟನ್ ಒತ್ತಿ ರೆಕಾರ್ಡಿಂಗ್ ಶುರುಮಾಡಿ ಇಳಿಸಿ. ಗರಿಷ್ಠ ಬಿಟ್‌ರೇಟ್ (ವಿಡಿಯೊ ಬರೆಯುವ ವೇಗ) 120 ಎಂಬಿಪಿಎಸ್, ಅಂದರೆ ಗಂಟೆಗೆ 54 ಜಿಬಿ. ಮೆಮೊರಿ ಕಾರ್ಡು ವಿ30 ವೇಗದ ದರ್ಜೆಯದಿರಲಿ. ನೀರಲ್ಲಿ ತಣ್ಣಗಿರುವ ಕ್ಯಾಮೆರಾ ಬಿಸಿಲಿನ ಹಲಗೆ ಮೇಲೆ ಆನ್ ಆಗಿಯೇ ಬಿದ್ದಿದ್ದರೆ ಕಾದು ಆಫ್ ಆಗುತ್ತದೆ.

ನೀರು ನುಗ್ಗದ ಹೊರಕವಚವಾದ ಹೌಸಿಂಗ್ ಇಲ್ಲದೆಯೇ ಕ್ಯಾಮೆರಾ 10 ಮೀಟರ್ ಆಳ ತಡೆಯುತ್ತದೆ. 60 ಮೀಟರಿನ ಹೌಸಿಂಗ್ ನೇತ್ರಾಣಿಯಂಥ ಕಡೆ ಸ್ಕೂಬಾಕ್ಕೆ ಇಳಿಯುವವರಿಗೆ ಸರಿ. ದೋಣಿಯಿಂದ ಚಿತ್ರಿಸುವವರಿಗೆ ಅದರಿಂದ ನಷ್ಟವೇ ಹೆಚ್ಚು, ಏಕೆಂದರೆ ಡಾಲ್ಫಿನ್‌ಗಳ ಶಿಳ್ಳೆ ಅದರೊಳಗೆ ಅಡಗಿಹೋಗುತ್ತದೆ. ಬರಿ ಕ್ಯಾಮೆರಾದಲ್ಲಿ, ಇಂಜಿನ್ ನಿಲ್ಲಿಸಿದ ಮೇಲೆ, ಶಿಳ್ಳೆ ಚೆನ್ನಾಗಿಯೇ ಕೇಳುತ್ತದೆ. ಹೌಸಿಂಗ್ ಹಾಕುವುದೇ ಆದರೆ ಕರಾವಳಿಯ ತೇವದ ಗಾಳಿಯಲ್ಲಿ ಮುಚ್ಚಬೇಡಿ; ಒಳಗೆ ಸಿಕ್ಕಿಬಿದ್ದ ತೇವ ತಣ್ಣೀರು ತಾಗಿದೊಡನೆ ಗಾಜಿನ ಒಳಮೈಗೆ ಹನಿಗಟ್ಟುತ್ತದೆ. ಎಸಿ ಕೋಣೆಯಲ್ಲಿ ಮುಚ್ಚಿ, ತೇವ ಹೀರುವ ಪಟ್ಟಿ ಇಡಿ.

ಬ್ಯಾಟರಿ ಬಾಗಿಲಿನ ರಬ್ಬರ್ ಸೀಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಕೂದಲೆಳೆ, ಒಂದು ಉಪ್ಪಿನ ಹರಳು ಸಾಕು ನೀರು ನುಗ್ಗಲು. ಮೇಲೆ ಬಂದಮೇಲೆ ಬಾಗಿಲು ತೆರೆಯದೆ ಸಿಹಿನೀರಿನಲ್ಲಿ ನೆನೆಹಾಕಿ, ಪೂರ್ತಿ ಒರೆಸಿ, ಆಮೇಲೆ ತೆರೆಯಿರಿ.

ಯಾವ ಕ್ಯಾಮೆರಾವೂ ನೀರು ತಿಳಿಯಾಗಿಸುವುದಿಲ್ಲ. ಲಕ್ಷದ್ವೀಪದ ಸ್ಪಿನ್ನರ್‌ಗಳ ವಿಡಿಯೊ ಕಂಡು ಕಾಳಿ ನದಿ ಕಡಲು ಸೇರುವ ಕಾರವಾರದಲ್ಲಿ ಅದನ್ನೇ ನಿರೀಕ್ಷಿಸಿದರೆ ಸಿಗುವುದು ಹಸಿರು ಗಂಜಿ. ಅಲ್ಲಿನ ಗೂನುಬೆನ್ನಿನ ಡಾಲ್ಫಿನ್‌ಗಳು ದೋಣಿಯ ಮೂತಿಗೆ ಬರುವುದೂ ಅಪರೂಪ, ನೀರಿನ ಮೇಲಿಂದ ಚಿತ್ರಿಸುವುದೇ ಜಾಣತನ. ಲೈಟ್ ಹಾಕಿದರೆ ಕಣಗಳೆಲ್ಲ ಹಿಮದಂತೆ ಹೊಳೆದು ಇನ್ನೂ ಹಾಳು. ಅಟ್ಟಿಸಿಕೊಂಡಂತೂ ಹೋಗಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಪ್ರಾಣಿಗಳಿವು.

2024ರ ಹೀರೊ 13ರಲ್ಲಿ 12ರಲ್ಲಿ ಇಲ್ಲದ ಜಿಪಿಎಸ್ ಮರಳಿದೆ, ಬ್ಯಾಟರಿ 1720ರಿಂದ 1900 ಎಂಎಎಚ್‌ಗೆ ಏರಿದೆ. ಡಾಲ್ಫಿನ್ ಕಂಡ ಜಾಗ ಗುರುತಿಡಬೇಕಾದವರು ಅದನ್ನೇ ಕೊಳ್ಳಲಿ. ಉಳಿದವರಿಗೆ 12 ಸಾಕು. ಹಳೆಯ ಬ್ಯಾಟರಿಗಳು 13ಕ್ಕೆ ಹೊಂದುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.