ಐವತ್ತರ ದಶಕದ ಫ್ರಾಕು ಕೊಳ್ಳುವ ಮುನ್ನ ಒಳಗಿನ ಹೊಲಿಗೆ ನೋಡಿ

ಹಳೆಯ ಹಾಲಿವುಡ್ ಚಿತ್ರಗಳು ಚಿತ್ರಮಂದಿರಗಳಲ್ಲಿ ಮತ್ತೆ ತೆರೆಕಂಡಾಗ ಆ ಕಾಲದ ಉಡುಪು ತೊಟ್ಟು ಹೋಗುವ ಹವ್ಯಾಸ ಅಮೆರಿಕದಲ್ಲಿ ಹಲವರಿಗಿದೆ. ಇಲ್ಲಿ ನೆಲೆಸಿರುವ ನನಗೂ ಇದೆ. ಇಂಥವರನ್ನೇ ಗುರಿಯಾಗಿಟ್ಟುಕೊಂಡು, ನಿನ್ನೆ ಮೊನ್ನೆ ಹೊಲಿದ ಫ್ರಾಕುಗಳನ್ನು 1950ರ ದಶಕದ ಅಸಲಿ ಮಾಲೆಂದು ಆನ್‌ಲೈನಿನಲ್ಲಿ ಮಾರುವವರಿದ್ದಾರೆ. ಅಂಥ ಒಬ್ಬರೊಡನೆ ನಾನು ಪಟ್ಟ ಪಾಡನ್ನು, ಇದೇ ಹವ್ಯಾಸವಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೊಂಡದ್ದು ಕಪ್ಪು ಬಟ್ಟೆಯ ಮೇಲೆ ಬಿಳಿ ಚುಕ್ಕಿಗಳಿದ್ದ, ಸೊಂಟದಲ್ಲಿ ಬಿಗಿದು ಕೆಳಗೆ ಅಗಲವಾಗಿ ಹರಡಿಕೊಳ್ಳುವ ಫ್ರಾಕು. 1947ರಲ್ಲಿ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಪ್ಯಾರಿಸ್ಸಿನಲ್ಲಿ ಪರಿಚಯಿಸಿದ ಈ ಆಕಾರವೇ ಮುಂದಿನ ಹತ್ತು ವರ್ಷ ತೆರೆಯ ಮೇಲೂ ಬೀದಿಯಲ್ಲೂ ಮೆರೆಯಿತು. 1980ರ ದಶಕದಲ್ಲಿ ಅದೇ ಆಕಾರ ಮತ್ತೆ ಫ್ಯಾಷನ್ ಆಯಿತು. ಆದ್ದರಿಂದ ಹೊರನೋಟ ಮಾತ್ರದಿಂದ ಕಾಲವನ್ನು ಹೇಳುವುದು ಯಾರಿಗೂ ಕಷ್ಟ. ಮಾರಾಟಗಾರರು ಫ್ರಾಕನ್ನು ಗೊಂಬೆಗೆ ತೊಡಿಸಿ ಹೊರಗಿನಿಂದಷ್ಟೇ ತೆಗೆದ ಚಿತ್ರಗಳನ್ನು ಹಾಕಿದ್ದರು. ಪಕ್ಕದಲ್ಲಿ ಆ ಕಾಲದ ಪ್ರಸಿದ್ಧ ನಟಿಯೊಬ್ಬರ ಭಾವಚಿತ್ರ. ತಾರೆಯರ ಹೆಸರಿಗೆ ಎಂಥ ಬೆಲೆಯಿದೆಯೆಂಬುದು ಈ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಹಾಲಿವುಡ್ ನಟಿ ಆಡ್ರೆ ಹೆಪ್‌ಬರ್ನ್ ಅವರ ಸಿನಿಮಾಕ್ಕಾಗಿ ಫ್ರೆಂಚ್ ವಿನ್ಯಾಸಕ ಜಿವಾಂಶಿ ವಿನ್ಯಾಸಗೊಳಿಸಿದ ಕಪ್ಪು ಗೌನೊಂದು 2006ರಲ್ಲಿ ಲಂಡನ್ನಿನ ಹರಾಜಿನಲ್ಲಿ ನಾಲ್ಕೂವರೆ ಲಕ್ಷ ಪೌಂಡ್ ದಾಟಿತ್ತು. (ಆ ಹಣ ಭಾರತದ ಬಡವರಿಗಾಗಿ ದುಡಿಯುವ ಸಂಸ್ಥೆಗೆ ಹೋಯಿತೆಂಬುದು ಬೇರೆ ಮಾತು.) ನನ್ನ ಫ್ರಾಕಿಗೆ ಕೇಳಿದ್ದು ಮುನ್ನೂರು ಡಾಲರಿಗಿಂತ ತುಸು ಹೆಚ್ಚು; ಅಸಲಿಯಾಗಿದ್ದರೆ ದುಬಾರಿಯೇನಲ್ಲ.

ಒಳಭಾಗದ ಚಿತ್ರ ಕೇಳಿದಾಗ ಬಂದದ್ದು ಕುತ್ತಿಗೆಯ ಬಳಿ ಹೊಲಿದಿದ್ದ ಪಟ್ಟಿಯ (ಲೇಬಲ್) ಮಸುಕಾದ ಒಂದೇ ಚಿತ್ರ. ಅದು ಐಎಲ್‌ಜಿಡಬ್ಲ್ಯುಯು ಎಂಬ, ಮಹಿಳೆಯರ ಉಡುಪು ಹೊಲಿಯುವ ಅಮೆರಿಕದ ಕಾರ್ಮಿಕರ ಸಂಘದ ಗುರುತಿನ ಪಟ್ಟಿಯೆಂಬುದಷ್ಟೇ ಅದರಲ್ಲಿ ತಿಳಿಯುತ್ತಿತ್ತು. ಜಾಲತಾಣದ ಹೊರಗೆ, ಸ್ನೇಹಿತರಿಗೆ ಮತ್ತು ಮನೆಯವರಿಗೆ ಹಣ ಕಳಿಸುವ ರೀತಿಯಲ್ಲಿ ಪಾವತಿಸಿದರೆ ಬೆಲೆ ಇಳಿಸುವುದಾಗಿಯೂ ಅವರು ಹೇಳಿದರು. ಹಾಗೆ ಕಳಿಸಿದ ಹಣಕ್ಕೆ ಖರೀದಿದಾರರ ರಕ್ಷಣೆ ಇರುವುದಿಲ್ಲವಾದ್ದರಿಂದ ನಾನು ಕ್ರೆಡಿಟ್ ಕಾರ್ಡಿನಲ್ಲೇ ಕೊಟ್ಟೆ.

ಫ್ರಾಕು ಕೈಗೆ ಬಂದ ಮೇಲೆ ಒಳಗು ಹೊರಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದೆ. ಸಂಘದ ಪಟ್ಟಿ ಹಳೆಯದೇ, ಅಂಚು ಹಳದಿಗಟ್ಟಿತ್ತು. ಆದರೆ ಅದನ್ನು ಹಿಡಿದಿದ್ದ ದಾರ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ಮೇಲಾಗಿ ಅದರಲ್ಲಿದ್ದದ್ದು ಕೆಂಪು, ಬಿಳಿ, ನೀಲಿಯ ವಿನ್ಯಾಸ. ಆ ವಿನ್ಯಾಸ ಬಂದದ್ದೇ 1974ರಲ್ಲಿ. ಐವತ್ತರ ದಶಕದ ಪಟ್ಟಿಗಳ ರೂಪ ಬೇರೆ. ಎಲ್ಲಿಂದಲೋ ಬಿಚ್ಚಿ ತಂದು ಹಚ್ಚುವವರಿಗೆ ಯಾವ ಕಾಲದ್ದನ್ನು ಬಿಚ್ಚಬೇಕೆಂಬ ತಿಳಿವಳಿಕೆಯೂ ಇದ್ದಂತಿಲ್ಲ. ಎಡಪಕ್ಕದ ಹೊಲಿಗೆಯ ನಡುವೆ ಬೆರಳಿಗೆ ತಗುಲಿದ್ದು ಕತ್ತರಿಸಿದ ಇನ್ನೊಂದು ಪಟ್ಟಿಯ ಮೊಂಡು ತುದಿ: ಬಿಳಿ ಸ್ಯಾಟಿನ್, ಅದರ ಮೇಲೆ ಬಟ್ಟೆ ಒಗೆಯುವ ತೊಟ್ಟಿಯ ಚಿಹ್ನೆ ಅರ್ಧ, ಇಸ್ತ್ರಿ ಪೆಟ್ಟಿಗೆಯ ಹಿಡಿಕೆಯಷ್ಟೇ ಉಳಿದಿತ್ತು.

ಈ ತುದಿಯೊಂದೇ ಸಾಕು. ಉಡುಪನ್ನು ಒಗೆಯುವ ವಿಧಾನವನ್ನು ಪಟ್ಟಿಯಲ್ಲಿ ಬರೆದು ಹೊಲಿಯಬೇಕೆಂಬ ನಿಯಮ ಅಮೆರಿಕದಲ್ಲಿ ಜಾರಿಗೆ ಬಂದದ್ದು 1972ರಲ್ಲಿ. ಮಾತಿನ ಬದಲು ಬರೀ ಚಿಹ್ನೆ ಬಳಸಲು ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ನೂಲಿನ ವಿವರ ಕಡ್ಡಾಯವಾದದ್ದೂ 1960ರಲ್ಲೇ. ಹಾಗಾಗಿ ಪಕ್ಕದ ಹೊಲಿಗೆಯಲ್ಲಿ ಕತ್ತರಿ ಆಡಿರುವ ಗುರುತು ಕಂಡರೆ ಅಲ್ಲಿ ಏನಿತ್ತು, ಏಕೆ ತೆಗೆದರು ಎಂದು ಕೇಳಲೇಬೇಕು.

ಕೆಲವು ಗುರುತುಗಳನ್ನು ಅಂತರ್ಜಾಲದ ಪಂಡಿತರು ವಿಪರೀತ ನಂಬುತ್ತಾರೆ, ನಾನು ನಂಬುವುದಿಲ್ಲ. ಲೋಹದ ಜಿಪ್ ಇದ್ದರೆ ಹಳೆಯದು ಎನ್ನುತ್ತಾರೆ, ಆದರೆ ಇಂದಿನ ನಕಲುಗಳಿಗೂ ಲೋಹದ ಜಿಪ್ ಹಾಕುತ್ತಾರೆ. ಪಾಲಿಯೆಸ್ಟರ್ ಇದ್ದರೆ ಹೊಸದು ಎನ್ನುತ್ತಾರೆ, ಆದರೆ ಡುಪಾಂಟ್ ಕಂಪನಿಯ ಡೇಕ್ರಾನ್ ಎಂಬ ಪಾಲಿಯೆಸ್ಟರ್ 1950ರ ದಶಕದ ಆರಂಭದಲ್ಲೇ ಅಂಗಡಿಗೆ ಬಂದಿತ್ತು. ನೈಲಾನ್ ಸುರುಳಿಯ ಜಿಪ್ ಅರವತ್ತರ ದಶಕದಲ್ಲಿ ಬಳಕೆಗೆ ಬಂತೆಂಬುದು ನಿಜವಾದರೂ ಹಳೆಯ ಜಿಪ್ ಕೆಟ್ಟು ಯಾರೋ ಬದಲಿಸಿರಬಹುದು. ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಬೇಕು. ಅಳತೆಯ ಸಂಖ್ಯೆಯನ್ನಂತೂ ನಂಬಲೇಬೇಡಿ: ಆಗಿನ 14 ಇಂದಿನ 14ಕ್ಕಿಂತ ಬಹಳ ಚಿಕ್ಕದು. ಎದೆ, ಸೊಂಟದ ಅಳತೆಯನ್ನು ಇಂಚಿನಲ್ಲಿ ಕೇಳಿ ಪಡೆಯಿರಿ.

ಹಳೆಯ ಬಟ್ಟೆಗಳನ್ನು ಹಿಂದಕ್ಕೆ ಪಡೆಯುವುದಿಲ್ಲವೆಂದು ಮಾರಾಟಗಾರರು ಒಂದೇ ಸಾಲಿನ ಉತ್ತರ ಕೊಟ್ಟರು. ಆಮೇಲೆ ಉತ್ತರವೇ ಇಲ್ಲ. ಕಾರ್ಡ್ ನೀಡಿದ ಬ್ಯಾಂಕಿಗೆ ತಕರಾರು ಬರೆದೆ. 1974ರ ಕಾನೂನಿನ ಪ್ರಕಾರ, ಬಿಲ್ ಕಳಿಸಿದ 60 ದಿನಗಳೊಳಗೆ ಲಿಖಿತವಾಗಿ ತಿಳಿಸಿದರೆ ಬ್ಯಾಂಕು ವಿಚಾರಿಸಲೇಬೇಕು. ಪತ್ರ ವ್ಯವಹಾರ ಎಳೆದಾಡಿತಾದರೂ ಹಣ ಮರಳಿತು. ಅದನ್ನು ತಂದುಕೊಟ್ಟದ್ದು ಮಾರಾಟದ ಪುಟದ ಪ್ರತಿ ಮತ್ತು ಆ ಕತ್ತರಿಸಿದ ತುದಿಯ ಹತ್ತಿರದ ಚಿತ್ರ. ಆದ್ದರಿಂದ ಪುಟದ ಪ್ರತಿಯನ್ನು ಹಣ ಕೊಡುವ ಮೊದಲೇ ಉಳಿಸಿಕೊಳ್ಳಿ, ಫ್ರಾಕನ್ನು ಒಮ್ಮೆಯೂ ತೊಡುವ ಮೊದಲು ಒಳಗಿನ ಪ್ರತಿ ಹೊಲಿಗೆಯ ಚಿತ್ರ ತೆಗೆದಿಡಿ, ಅನುಮಾನಾಸ್ಪದ ದಾರವೊಂದು ಕಂಡರೂ ಅದನ್ನು ಬಿಚ್ಚಲು ಹೋಗಬೇಡಿ.